ಎರಡು ಟ್ರೇಲರ್ ಮಸಾರಿ ಮಣ್ಣು

ಹತ್ತು ಮಂದಿ ಕೂಡಿ ಒಂದೇ ಹೆಸರು ಹೇಳತೊಡಗಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅದು ಆಟಗಾರನ ಹೆಸರಾಗಲಿ, ಡಾಕ್ಟರನ ಹೆಸರಾಗಲಿ, ಹತ್ತಿ ಬೀಜದ ಹೆಸರಾಗಲಿ. ಮನೆಯವರು ನನ್ನನ್ನು ತಿಕ್ಕಲು ಎನ್ನುತ್ತಾರೆ. ಅನ್ನಲಿ. ಈ ಸಿಟ್ಟು ಸುಮ್ಮನೆ ಬಂದದ್ದಲ್ಲ. ಎಂಬತ್ತರ ದಶಕದ ನಡುವೆ, ನವಲಗುಂದ ಸೀಮೆಯ ಕರಿ ಎರೆಹೊಲದ ಒಂದು ಊರಿನಲ್ಲಿ, ನಾನೇ ಕೈ ಎತ್ತಿ ಸಂಪಾದಿಸಿಕೊಂಡದ್ದು.

ಆಗ ನಾನು ಆ ಊರಿನ ಕನ್ನಡ ಶಾಲೆಯ ಮಾಸ್ತರ. ಇಪ್ಪತ್ತೇಳರ ವಯಸ್ಸು. ಕಬಡ್ಡಿ ಆಡಲು ಬಾರದು, ನೋಡುವ ಹುಚ್ಚು ಮಾತ್ರ ವಿಪರೀತ. ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಮಳೆ ಬೀಳುವ ತನಕ ಸುತ್ತಲಿನ ಊರುಗಳಲ್ಲಿ ಪಂದ್ಯಗಳೇ ಪಂದ್ಯಗಳು. ಇವತ್ತು ಮೊರಬದಲ್ಲಿ, ಬರುವ ವಾರ ಅಣ್ಣಿಗೇರಿ ಕಡೆ, ಅದರ ಮರು ವಾರ ಕುಂದಗೋಳದ ಬಾಜು. ಸೈಕಲ್ ತುಳಿದೋ, ಯಾರದಾದರೂ ಟ್ರ್ಯಾಕ್ಟರ್ ಹತ್ತಿಯೋ ಹೋಗಿ, ಗೆರೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ದಪ್ಪ ವಹಿಯೊಂದರಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಯಾರು ಎಷ್ಟು ಸಲ ರೈಡ್ ಹೋದ, ಎಷ್ಟು ಸಲ ಬರಿಗೈಯಲ್ಲಿ ಬಂದ, ಯಾರು ಯಾರನ್ನು ಹಿಡಿದ, ಆಗ ಆಟ ಇನ್ನೆಷ್ಟು ನಿಮಿಷ ಉಳಿದಿತ್ತು. ಯಾಕೆ ಬರೆಯುತ್ತೀರಿ ಎಂದು ಯಾರಾದರೂ ಕೇಳಿದರೆ ಪುಟ ತಿರುವಿ ಮುಂದಿನ ರೈಡ್ ಬರೆದುಕೊಳ್ಳುತ್ತಿದ್ದೆ.

ಆ ವಹಿಯಿಂದಲೇ ನಮ್ಮೂರ ಚಾದಂಗಡಿಯಲ್ಲಿ ಒಂದು ಆಟ ಹುಟ್ಟಿತು. ಪಂದ್ಯದ ಹಿಂದಿನ ದಿನ ಅಲ್ಲಿ ಕೂತವರೆಲ್ಲ ಒಂದೊಂದು ಚೀಟಿಯಲ್ಲಿ ಏಳು ಹೆಸರು ಬರೆಯಬೇಕು. ಯಾವ ಊರಿನ ಆಟಗಾರರಾದರೂ ಸರಿ, ಬೇರೆ ಬೇರೆ ತಂಡದವರಾದರೂ ಸರಿ. ಮರುದಿನ ಆ ಏಳು ಮಂದಿ ಗಳಿಸಿದ ಅಂಕಗಳನ್ನೆಲ್ಲ ನಾನು ವಹಿ ನೋಡಿ ಕೂಡಿಸುತ್ತಿದ್ದೆ. ಯಾರ ಚೀಟಿಗೆ ಕಡಿಮೆ ಬಂತೋ ಅವನು ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಬೇಕು. ಏಳು ಮಂದಿಯ ತಂಡವನ್ನು ಕಾಗದದ ಮೇಲೆ ಕಟ್ಟಿ ನಮ್ಮ ಮಂದಿ ಎಂಥ ಗತ್ತಿನಿಂದ ಕೂರುತ್ತಿದ್ದರೆಂದರೆ, ದೇಶದ ಪಟ್ಟಿ ಬರೆದವರಿಗೂ ಅಷ್ಟು ಬಿಗುಮಾನ ಇರಲಿಕ್ಕಿಲ್ಲ.

ಎಲ್ಲರ ಚೀಟಿಯಲ್ಲೂ ಮೊದಲ ಹೆಸರು ಒಂದೇ. ಹುಬ್ಬಳ್ಳಿ ಬಾಜುವಿನ ಒಬ್ಬ ರೈಡರ್. ಮೊಣಕಾಲಿಗೆ ಬಿಳಿ ಪಟ್ಟಿ, ಕೊರಳಲ್ಲಿ ತಾಯತ, ಅಂಕಣಕ್ಕೆ ಇಳಿಯುವ ಮೊದಲು ತೊಡೆ ತಟ್ಟಿದರೆ ಹಿಂದೆ ನಿಂತವರಿಗೂ ಕೇಳಬೇಕು. ಅವನು ಆಡುತ್ತಾನೆಂದರೆ ಜನ ಎತ್ತಿನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಅವನು ಚಂದ ಆಡುತ್ತಿದ್ದ. ಆದರೆ ವಹಿ ಬೇರೆಯೇ ಹೇಳುತ್ತಿತ್ತು. ಅವನ ಅಂಕಗಳೆಲ್ಲ ಸಣ್ಣ ಊರಿನ ಬಡಪಾಯಿ ತಂಡಗಳ ಮೇಲೆ, ಅದೂ ಆಟ ಗೆದ್ದಾದ ಮೇಲೆ. ಪಂದ್ಯ ಬಿಗಿಯಾದಾಗ ಅವನು ಗೆರೆ ಮುಟ್ಟಿ ಬರಿಗೈಯಲ್ಲಿ ಮರಳುತ್ತಿದ್ದ. ಮರಳುವಾಗಲೂ ತೊಡೆ ತಟ್ಟುತ್ತಿದ್ದ, ಜನ ಆಗಲೂ ಸೀಟಿ ಹೊಡೆಯುತ್ತಿದ್ದರು.

ನಾನು ಒಮ್ಮೆಯೂ ಅವನ ಹೆಸರು ಬರೆಯಲಿಲ್ಲ. ಒಮ್ಮೆಯೂ ಭಜಿ ಕೊಡಿಸಲಿಲ್ಲ. ಮಾಸ್ತರಗ ಆಟ ಗೊತ್ತಿಲ್ಲ, ಬರೇ ಕೂಡಿಸೂದು ಕಳೆಯೂದು ಗೊತ್ತೈತಿ ಎಂದು ಚಾದಂಗಡಿಯವರು ತಾವೇ ಸೋತು ಕೊಡಿಸಿದ ಭಜಿ ತಿನ್ನುತ್ತಲೇ ನಗುತ್ತಿದ್ದರು.

ನನ್ನ ಚೀಟಿಯ ಮೊದಲ ಹೆಸರು ನಮ್ಮೂರಿನವನದೇ. ಕುರಿ ಕಾಯುವ ಮನೆತನದವನು, ಆಗ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ತಂಡದಲ್ಲಿ ಎಡ ಮೂಲೆಯಲ್ಲಿ ನಿಂತು ಹಿಡಿಯುವವ. ನೋಡಲು ಏನೂ ಇಲ್ಲ. ತೊಡೆ ತಟ್ಟುವುದಿಲ್ಲ, ಕೂಗುವುದಿಲ್ಲ. ತಲೆ ಬಗ್ಗಿಸಿ ಎದುರಾಳಿಯ ಪಾದಗಳನ್ನೇ ನೋಡುತ್ತ ನಿಂತಿರುತ್ತಿದ್ದ. ನಮ್ಮ ಅಂಕಣ ಎರೆಮಣ್ಣಿನದು. ನೀರು ಚಿಮುಕಿಸಿ ಹದ ಮಾಡಿದ ಎರೆಮಣ್ಣು ಪಾದವನ್ನು ಒಂದು ಚೂರು ಹಿಡಿದುಕೊಳ್ಳುತ್ತದೆ. ರೈಡ್ ಬಂದವನು ತಿರುಗುವಾಗ ಕಾಲು ಕಣ್ಣು ಮಿಟುಕಿಸುವಷ್ಟು ತಡವಾಗಿ ಏಳುತ್ತದೆ. ಇವನಿಗೆ ಅಷ್ಟು ಸಾಕು. ಹಿಮ್ಮಡಿಗೆ ಬಿದ್ದ ಕೈ ಮತ್ತೆ ಬಿಡುತ್ತಿರಲಿಲ್ಲ. ಹುಬ್ಬಳ್ಳಿಯ ಆ ಹೆಸರುವಾಸಿಯನ್ನೂ ಮೊರಬದಲ್ಲಿ ಎರಡು ಸಲ ಹೀಗೆಯೇ ಕೆಡವಿದ್ದ. ಜನಕ್ಕೆ ಅದು ನೆನಪಿರಲಿಲ್ಲ, ವಹಿಗೆ ಇತ್ತು.

ಅಂಕಣ ಹದ ಮಾಡುವವನೂ ಅವನೇ. ಬೇರೆಯವರು ಮಾಡಿದರೆ ಒಂದೋ ಕೆಸರು, ಇಲ್ಲ ಬಿರುಕು. ಅವನು ತೆನೆ ಒಕ್ಕುವ ಕಣದಲ್ಲಿ ರೋಣಗಲ್ಲು ಎಳೆದ ಹಾಗೆ ಕಲ್ಲು ಉರುಳಿಸಿ, ಮೇಲೆ ಸಣ್ಣ ಹೊಟ್ಟು ಉದುರಿಸಿ, ಅಂಗೈಯಿಂದ ಒತ್ತಿ ನೋಡುತ್ತಿದ್ದ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ವಹಿಯಲ್ಲಿ ತನ್ನ ಹೆಸರು ಎಲ್ಲಿದೆಯೆಂದು ಒಮ್ಮೆ ಕೇಳಿ ತಿಳಿದುಕೊಂಡ ಮೇಲೆ, ಪ್ರತಿ ಪಂದ್ಯ ಮುಗಿದಾಗ ಬಂದು ಆ ಅಕ್ಷರಗಳನ್ನು ತಾನೇ ಹುಡುಕಿ ಬೆರಳಿಡುತ್ತಿದ್ದ. ಎಷ್ಟು ಹಿಡಿತವಾದವು ಎಂದು ಕೇಳುತ್ತಿರಲಿಲ್ಲ. ಹೆಸರು ಕಂಡರೆ ಸಾಕು, ನಕ್ಕು ಹೋಗುತ್ತಿದ್ದ.

ಇನ್ನು ಇದನ್ನೆಲ್ಲ ಕೆಡಿಸಿದ ಕಥೆ. ಆ ಬೇಸಿಗೆ ನಮ್ಮೂರಲ್ಲೇ ದೊಡ್ಡ ಪಂದ್ಯ ಇಟ್ಟರು. ಅದಕ್ಕೆ ತಿಂಗಳ ಮೊದಲು ನಾನು ಒಂದು ಕೆಲಸ ಮಾಡಿದ್ದೆ. ಶಹರದ ಒಂದು ಕಾರ್ಖಾನೆಯ ಕಬಡ್ಡಿ ತಂಡಕ್ಕೆ ಹಿಡಿಯುವವನೊಬ್ಬ ಬೇಕಾಗಿದ್ದಾನೆ, ಆಡಿದವನಿಗೆ ಅಲ್ಲೇ ಕಾಯಂ ನೌಕರಿ ಎಂದು ಕೇಳಿ, ಆ ತಂಡ ನೋಡಿಕೊಳ್ಳುವವರಿಗೆ ಪತ್ರ ಬರೆದೆ. ನಮ್ಮ ಎಡ ಮೂಲೆಯವನ ಎರಡು ಹಂಗಾಮಿನ ಹಿಡಿತಗಳನ್ನೆಲ್ಲ ವಹಿಯಿಂದ ಇಳಿಸಿ ಕಳಿಸಿದೆ. ಅವರು ಉತ್ತರ ಬರೆದರು, ನಿಮ್ಮೂರ ಪಂದ್ಯಕ್ಕೆ ಬರುತ್ತೇನೆ, ಆಡುವುದನ್ನು ಕಣ್ಣಾರೆ ನೋಡಿದರೆ ಕರೆದುಕೊಂಡು ಹೋಗುತ್ತೇನೆ ಎಂದು. ಇವನಿಗೆ ಓದಿ ಹೇಳಿದೆ. ಮದುವೆ ಗೊತ್ತಾಗಿತ್ತು ಅವನಿಗೆ, ಕುರಿ ಅರ್ಧ ಮಾರಿಯಾಗಿತ್ತು. ಪತ್ರವನ್ನು ತಿರುಗಿಸಿ ಹಿಂದೆ ಮುಂದೆ ನೋಡಿ, ‘ಆಡಿ ತೋರಿಸ್ತೀನ್ರಿ ಮಾಸ್ತರ’ ಎಂದ. ಅಷ್ಟೇ.

ಪಂದ್ಯಕ್ಕೆ ಹದಿನೈದು ದಿನ ಇದೆ ಎನ್ನುವಾಗ ಕಮಿಟಿ ಕೂಡಿತು. ಊರ ಗೌಡರು, ಕಿರಾಣಿ ಅಂಗಡಿಯವರು, ಇನ್ನಿಬ್ಬರು ಹಿರಿಯರು, ಐದನೆಯವನು ನಾನು. ಗೌಡರು ಒಂದೇ ಮಾತು ಹೇಳಿದರು. ಹುಬ್ಬಳ್ಳಿಯ ಆ ರೈಡರನನ್ನು ನಮ್ಮ ತಂಡಕ್ಕೆ ಕರೆಸಬೇಕು. ಎಲ್ಲರ ಮುಖ ಅರಳಿತು. ಒಬ್ಬ ಬಂದರೆ ಒಬ್ಬ ಹೊರಗೆ ಹೋಗಬೇಕಲ್ಲ, ಯಾರು? ಒಬ್ಬ ಗೌಡರ ಅಳಿಯ. ಒಬ್ಬ ಅಂಗಡಿಯವರ ಮಗ. ಉಳಿದವರೂ ಅವರಿವರ ತಮ್ಮ, ಅಣ್ಣನ ಮಗ. ಕಮಿಟಿಯಲ್ಲಿ ಯಾರೂ ಇಲ್ಲದವನು ಒಬ್ಬನೇ.

ನಾನು ಬಾಯಿ ತೆರೆದೆ. ಅವನನ್ನು ತೆಗೆದರೆ ಎಡ ಮೂಲೆ ಖಾಲಿಯಾಗುತ್ತದೆ, ಬರುವವನು ರೈಡರ್, ಹಿಡಿಯುವವನಲ್ಲ ಎಂದೆ. ಕಾರ್ಖಾನೆಯವರು ಬರುವ ವಿಷಯವನ್ನೂ ಹೇಳಿದೆ. ಗೌಡರಿಗೆ ಸಿಟ್ಟೇನೂ ಬರಲಿಲ್ಲ.

‘ಮಾಸ್ತರ, ಅಂವಾ ಆಡ್ತಾನಂದ್ರ ಸುತ್ತಿನ ಹಳ್ಳಿ ಮಂದೆಲ್ಲಾ ನಮ್ಮೂರಾಗ ಇರ್ತೈತಿ. ಇಂವಾ ಆಡ್ತಾನಂದ್ರ ಯಾರ್ ಬರ್ತಾರ ಹೇಳ್ರಿ.’

ಆಮೇಲೆ ಕೈ ಎತ್ತಿರಿ ಎಂದರು. ನಾಲ್ಕು ಕೈ ಎದ್ದವು. ಐದನೆಯದೂ ಎದ್ದಿತು.

ಹೆದರಿ ಎತ್ತಿದೆ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಗೌಡರು ಶಾಲೆಗೆ ಜಾಗ ಕೊಟ್ಟವರು, ಎದುರು ಹಾಕಿಕೊಂಡರೆ ಬದುಕಲಾದೀತೇ ಎಂದು. ಅದು ಶುದ್ಧ ಸುಳ್ಳು. ನಿಜ ಹೇಳಿದರೆ ನಾಚಿಕೆಯಾಗುತ್ತದೆ. ಹುಬ್ಬಳ್ಳಿಯ ಅಂಥ ರೈಡರ್ ನಮ್ಮೂರ ಅಂಗಿ ತೊಟ್ಟು ನಮ್ಮೂರ ಅಂಕಣದಲ್ಲಿ ತೊಡೆ ತಟ್ಟುವುದನ್ನು ನೋಡಬೇಕೆಂಬ ಚಪಲ ನನಗೂ ಇತ್ತು. ಭಜಿಯ ಚೀಟಿಯಲ್ಲಿ ಅವನ ಹೆಸರು ಬರೆಯದ ಜಾಣ, ಒಬ್ಬನ ಅನ್ನದ ಪ್ರಶ್ನೆ ಬಂದಾಗ ಅದೇ ಹೆಸರಿಗೆ ಕೈ ಎತ್ತಿದೆ. ಆ ಕೈಯನ್ನು ಕಂಡರೆ ಈಗಲೂ ಎರಡು ಬಾರಿಸಬೇಕು ಅನ್ನಿಸುತ್ತದೆ.

ಆ ರೈಡರ್ ಬರಲು ಒಪ್ಪಿದ, ಒಂದು ಕರಾರಿನ ಮೇಲೆ. ಮೋಟರ್‌ಸೈಕಲ್ ಮೇಲೆ ಬಂದು ಅಂಕಣ ನೋಡಿ, ಕಾಲ ತುದಿಯಿಂದ ಎರೆಮಣ್ಣು ಕೆದರಿ, ಹೊಲಸು ತುಳಿದವರ ಹಾಗೆ ಮುಖ ಮಾಡಿದ. ಈ ಕರಿ ಮಣ್ಣಲ್ಲಿ ತನ್ನ ಕಾಲು ಏಳುವುದಿಲ್ಲ, ತಾನು ಮಸಾರಿ ಮಣ್ಣಲ್ಲಿ ಕಲಿತವನು, ಕಲಘಟಗಿ ಕಡೆಯ ಕೆಂಪು ಮಣ್ಣಾದರೆ ಬಹಳ ಚಲೋ ಎಂದ. ಬೇರೆ ಯಾವ ಊರಾದರೂ ನಕ್ಕು ಕಳಿಸುತ್ತಿತ್ತು. ನಮ್ಮೂರು ಎರಡು ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿತು. ಕಲಘಟಗಿ ಹತ್ತಿರದ ಬಮ್ಮಿಗಟ್ಟಿಯಲ್ಲಿ ಗೌಡರ ಬೀಗರ ಹೊಲವಿತ್ತು. ಹೋಗಿ ಬರಲು ಎರಡು ದಿನ. ಬಂಗಾರದಂಥ ಎರೆಭೂಮಿಯ ನಡುವೆ ಹುಟ್ಟಿದ ಮಂದಿ, ಮಣ್ಣು ತರಲು ಜಿಲ್ಲೆಯ ಆ ತುದಿಗೆ ಹೋದರು. ದಾರಿಯಲ್ಲಿ ಸಿಕ್ಕವರು ಇದೇನು ಎಂದು ಕೇಳಿದರೆ ಹೆಮ್ಮೆಯಿಂದ ಅವನ ಹೆಸರು ಹೇಳಿದರಂತೆ.

ಮಣ್ಣು ತರಲು ಹೋದವರಲ್ಲಿ ನಮ್ಮ ಎಡ ಮೂಲೆಯ ಹುಡುಗನೂ ಇದ್ದ. ತನ್ನನ್ನು ತಂಡದಿಂದ ತೆಗೆದದ್ದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಹೇಳುವ ಕೆಲಸ ನನಗೆ ಒಪ್ಪಿಸಿದ್ದರು, ನಾನು ಇವತ್ತು ನಾಳೆ ಅನ್ನುತ್ತ ದಿನ ದೂಡಿದ್ದೆ. ಮಣ್ಣು ಇಳಿಸಿ, ಜರಡಿ ಹಿಡಿದು, ಎರೆಯ ಮೇಲೆ ಎರಡು ಬೆರಳು ದಪ್ಪ ಹರವಿ, ನೀರು ಹೊಡೆದು, ಕಲ್ಲು ಉರುಳಿಸಿ ಅವನು ಹದ ಮಾಡುತ್ತಿದ್ದಾಗ ಹೋಗಿ ಹೇಳಿದೆ, ನಾನೂ ಕೈ ಎತ್ತಿದ್ದನ್ನು ಮುಚ್ಚಿಡಲಿಲ್ಲ. ಅವನು ಕಲ್ಲು ನಿಲ್ಲಿಸಿದ. ಕಾರ್ಖಾನೆಯವರು ಬರುತ್ತಾರೋ ಇಲ್ಲವೋ ಎಂದು ಕೇಳಿದ. ಬರುತ್ತಾರೆ ಎಂದೆ. ಸ್ವಲ್ಪ ಹೊತ್ತು ಕೆಂಪು ಮಣ್ಣನ್ನು ಅಂಗೈಯಿಂದ ಒತ್ತಿ ನೋಡಿ, ಇನ್ನೂ ಎರಡು ಕೊಡ ನೀರು ಬೇಕು ಎಂದು ಎದ್ದು ಹೋದ. ನನ್ನನ್ನು ನಾಲ್ಕು ಮಾತು ಬೈದಿದ್ದರೆ ನನಗೆ ಪುಣ್ಯ ಬರುತ್ತಿತ್ತು.

ಪಂದ್ಯದ ದಿನ ಗೌಡರು ಹೇಳಿದಂತೆಯೇ ಮಂದಿ ಕೂಡಿತು. ಮನೆಯ ಮಾಳಿಗೆಗಳ ಮೇಲೂ ಜನ. ಮೊದಲ ಎರಡು ಪಂದ್ಯ ಸಣ್ಣ ಊರುಗಳ ಮೇಲೆ. ಹುಬ್ಬಳ್ಳಿಯವನು ಹೋದ, ಮುಟ್ಟಿದ, ಬಂದ. ಸೀಟಿಯೇ ಸೀಟಿ. ಚಾದಂಗಡಿಯವರು ನನ್ನ ಬೆನ್ನ ಮೇಲೆ ಗುದ್ದಿ, ಏನ್ರಿ ಮಾಸ್ತರ, ಏನಂತೈತಿ ನಿಮ್ಮ ವಹಿ ಎಂದು ಕುಣಿದರು.

ಕೊನೆಯ ಪಂದ್ಯ ಕುಂದಗೋಳ ಕಡೆಯ ಒಂದು ಹಳ್ಳಿಯ ತಂಡದ ಮೇಲೆ. ಅವರಲ್ಲಿ ಹೆಸರಾದವನು ಒಬ್ಬನೂ ಇಲ್ಲ. ನಮ್ಮ ಹುಡುಗರು ಹುಟ್ಟಿದಾಗಿನಿಂದ ಎರೆಯಲ್ಲಿ ಆಡಿದವರು. ಮಸಾರಿಯ ಮೇಲೆ ಅವರ ಪಾದ ನಿಲ್ಲಲೇ ಇಲ್ಲ. ಗೌಡರ ಅಳಿಯ ಹಿಡಿಯಲು ಹಾರಿ, ಗಾರೆ ನೆಲದ ಮೇಲೆ ಜಾರಿದವನಂತೆ ಗೆರೆಯ ಹೊರಗೆ ಹೋಗಿ ಬಿದ್ದ. ಎಡ ಮೂಲೆಗೆ ನಿಲ್ಲಿಸಿದ್ದ ಅಂಗಡಿಯವರ ಮಗ ಪ್ರತಿ ಸಲ ಗಾಳಿಯನ್ನೇ ಹಿಡಿದ. ನಾವು ಯಾರಿಗಾಗಿ ನೆಲವನ್ನೇ ಬದಲಾಯಿಸಿದ್ದೆವೋ ಅವನು ಹೋಗಿ ಗೆರೆ ಮುಟ್ಟಿ ಬರುತ್ತಿದ್ದ. ಬರಿಗೈ. ಮತ್ತೆ ಬರಿಗೈ. ನಾನು ಬರೆಯುತ್ತಲೇ ಇದ್ದೆ.

ನಡುವಿನ ಬಿಡುವಿನಲ್ಲಿ ಅಂಕಣಕ್ಕೆ ನೀರು ಚಿಮುಕಿಸಲು ಅಂಕಣ ಹದ ಮಾಡಿದ ನಮ್ಮವನು ಕೊಡ ಹೊತ್ತು ಒಳಗೆ ಇಳಿದ. ಮುಗಿಸಿ ನೇರ ನನ್ನ ಹತ್ತಿರ ಬಂದು ಕೂತ. ಎದುರು ತಂಡದಲ್ಲಿ ಅಂಕ ತರುತ್ತಿದ್ದವನು ಒಬ್ಬನೇ, ಒಬ್ಬ ಗಿಡ್ಡ ಮನುಷ್ಯ.

‘ಆ ಗಿಡ್ಡಂವಾ ತಿರುಗೂ ಮುಂದ ಬಲಗಾಲು ಎಳೀತಾನ್ರಿ. ಈ ಮಣ್ಣಾಗೂ ನನಗ ಸಿಗ್ತೈತಿ ಅದು. ಐದು ಮಿನಿಟ್ ನನ್ನ ಇಳಸ್ರಿ ಮಾಸ್ತರ.’

ಅವನನ್ನು ಬಲ್ಲ ಅಷ್ಟೂ ದಿನಗಳಲ್ಲಿ ಅವನು ನನ್ನನ್ನು ಏನನ್ನಾದರೂ ಕೇಳಿದ್ದು ಅದೊಂದೇ. ಗೌಡರು ಹತ್ತು ಮಾರು ದೂರದಲ್ಲಿ ಕುರ್ಚಿಯ ಮೇಲಿದ್ದರು. ಅವರ ಬಾಜು ಕುರ್ಚಿಯಲ್ಲಿ ಕಾರ್ಖಾನೆಯ ಮನುಷ್ಯ. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಬದಲಿ ಆಟಗಾರನನ್ನು ಇಳಿಸಬಹುದಿತ್ತು. ನಾನು ಎದ್ದೆ. ಗೌಡರು ನನ್ನನ್ನು ನೋಡಿ ಏನು ಎಂಬಂತೆ ಹುಬ್ಬು ಹಾರಿಸಿದರು. ಏನಿಲ್ಲ ಎಂದು ತಲೆಯಾಡಿಸಿ ಕೂತುಬಿಟ್ಟೆ. ಏನಿಲ್ಲ! ಥೂ.

ಕೊನೆಯ ನಿಮಿಷಗಳಲ್ಲಿ ಆ ಗಿಡ್ಡ ಮೂರು ಸಲ ಬಂದ. ಮೂರು ಸಲವೂ ತಿರುಗುವ ಮೊದಲು ಬಲಗಾಲು ಎಳೆದ. ಮೂರು ಸಲವೂ ನಮ್ಮ ಎಡ ಮೂಲೆಯನ್ನು ಮುಟ್ಟಿಕೊಂಡು ಹೋದ. ನಮ್ಮ ಹೆಸರುವಾಸಿ ಕೊನೆಯ ರೈಡಿಗೆ ಹೋಗಿ ಸಿಕ್ಕಿಬಿದ್ದ. ಗೆದ್ದವರ ಢಾಲು ಕುಂದಗೋಳದ ಕಡೆ ಹೋಯಿತು.

ಸೋತರೂ ಜನ ಮುತ್ತಿಕೊಂಡದ್ದು ಅವನನ್ನೇ. ಪಾಪ, ಒಬ್ಬನೇ ಎಷ್ಟಂತ ಆಡ್ಯಾನು, ಇವರೆಲ್ಲ ಬರೇ ಕಟಿಗಿ ಗೊಂಬೆಗಳು ಎಂದು ನಮ್ಮೂರ ಹುಡುಗರಿಗೇ ಬೈದರು. ಕಾರ್ಖಾನೆಯ ಮನುಷ್ಯ ನನ್ನ ಹತ್ತಿರ ಬಂದು, ನೀವು ಪತ್ರದಲ್ಲಿ ಬರೆದವನು ಯಾರು ಎಂದು ಕೇಳಿದರು. ಇವತ್ತು ಆಡಲಿಲ್ಲ ಎಂದೆ. ಆಡದವನನ್ನು ನೋಡಿ ನಾನೇನು ಹೇಳಲಿ ಎಂದರು. ಅವರ ಮಾತಿನಲ್ಲಿ ತಪ್ಪೇನಿತ್ತು? ವಹಿ ಮುಂದೆ ಹಿಡಿದೆ. ಎರಡು ಪುಟ ತಿರುವಿ ಮರಳಿ ಕೊಟ್ಟರು. ಬಂದದ್ದು ಹಿಡಿಯುವವನಿಗಾಗಿ. ಗಟ್ಟಿ ಮಾಡಿಕೊಂಡು ಹೊರಟದ್ದು ಆ ರೈಡರನನ್ನು. ಇವನ ಹೆಸರು ನಮ್ಮ ಕಡೆಯೂ ಬಹಳ ಕೇಳಿದ್ದೆವು ಎಂದರು. ನನಗೆ ಅಲ್ಲೇ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಜೀಪು ಹತ್ತುವ ಮುಂದೆ ಅವರು ನಿಂತು, ಬಗ್ಗಿ, ಅಂಕಣದ ಮಣ್ಣು ಒತ್ತಿ ನೋಡಿದರು.

‘ಈ ಅಂಕಣ ಹದಾ ಮಾಡಿದಂವ ಯಾರ್ರಿ? ನಮ್ಮಲ್ಲೂ ಮಸಾರಿ ಮಣ್ಣ ಐತಿ. ಇಂಥಾ ಕೈ ಸಿಕ್ಕಿಲ್ಲ ನಮಗ.’

ಹೀಗೆ ಅವನಿಗೆ ನೌಕರಿ ಸಿಕ್ಕಿತು. ಮೈದಾನಕ್ಕೆ ನೀರು ಹೊಡೆಯುವ, ಕಲ್ಲು ಎಳೆಯುವ, ಗೆರೆ ಹಾಕುವ ನೌಕರಿ. ಊರಲ್ಲಿ ಎಲ್ಲರೂ ಖುಷಿಪಟ್ಟರು. ನಾವು ಆ ರೈಡರನನ್ನು ಕರೆಸಿದ್ದರಿಂದಲೇ ಮಸಾರಿ ಮಣ್ಣು ಬಂತು, ಮಸಾರಿ ಮಣ್ಣಿನಿಂದಲೇ ಇವನ ಬಾಳು ಹಸನಾಯಿತು ಎಂದು ಗೌಡರು ಕಟ್ಟೆಯ ಮೇಲೆ ಕೂತು ಹೇಳಿದ್ದನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ. ಅವನು ಕೂಡ ಹೊರಡುವ ಮೊದಲು ನನ್ನ ಮನೆಗೆ ಪೇಡೆ ತಂದುಕೊಟ್ಟ. ನೀವು ಪತ್ರ ಬರೆದದ್ದರಿಂದ ಆಯಿತು ಎಂದು ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದೆ. ಪೇಡೆಯನ್ನು ಶಾಲೆಯ ಮಕ್ಕಳಿಗೆ ಹಂಚಿಬಿಟ್ಟೆ. ಚಾದಂಗಡಿಯ ಚೀಟಿ ಆಟಕ್ಕೂ ಆಮೇಲೆ ನಾನು ಹೋಗಲಿಲ್ಲ.

ಮೂರು ವರ್ಷದ ಮೇಲೆ, ಶಾಲೆಯ ಕೆಲಸಕ್ಕೆಂದು ಶಹರಕ್ಕೆ ಹೋದವನು ವಹಿ ಹಿಡಿದು ಆ ಕಾರ್ಖಾನೆಯ ಮೈದಾನಕ್ಕೆ ಹೋದೆ. ವಹಿಯನ್ನು ಅವನಿಗೇ ಕೊಟ್ಟುಬಿಡಬೇಕು, ಅಲ್ಲಿಯವರಿಗೂ ಒಮ್ಮೆ ತೋರಿಸಬೇಕು, ನನ್ನ ಎದೆಯ ಮೇಲಿನ ಭಾರ ಸ್ವಲ್ಪವಾದರೂ ಇಳಿಯಬೇಕು. ಸಂಜೆ ನಾಲ್ಕರ ಬಿಸಿಲು. ಕೆಂಪು ಅಂಕಣದಲ್ಲಿ ಅವನು ರಬ್ಬರ್ ಪೈಪು ಹಿಡಿದು ನೀರು ಹೊಡೆಯುತ್ತಿದ್ದ. ಕಟ್ಟೆಯ ಮೇಲೆ ಆಟಗಾರರು ಕೂತಿದ್ದರು, ನಡುವೆ ಆ ಹೆಸರುವಾಸಿ, ಹೊಟ್ಟೆ ಬಂದಿತ್ತು.

‘ಲೇ, ಅಲ್ಲಿ ನೀರು ಜಾಸ್ತಿ ಆತು ನೋಡು’ ಎಂದು ಅವನು ಅಲ್ಲಿಂದಲೇ ಕೂಗಿದ. ಇವನು ಹೌದ್ರಿ ಎಂದು ಪೈಪು ಸರಿಸಿದ. ನೀರು ಜಾಸ್ತಿಯಾಗಿರಲಿಲ್ಲ. ಇವನ ಕೈಯಲ್ಲಿ ನೀರು ಎಂದೂ ಜಾಸ್ತಿಯಾದದ್ದಿಲ್ಲ.

ನನ್ನನ್ನು ಕಂಡು ಓಡಿ ಬಂದ. ವಹಿ ಕೊಟ್ಟೆ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ತೆರೆದ. ನಾನು ತೋರಿಸಬೇಕಾಗಲಿಲ್ಲ, ಹೆಸರನ್ನು ತಾನೇ ಹುಡುಕಿ ಬೆರಳಿಟ್ಟ. ಮುಂದಿನ ಪುಟದಲ್ಲೂ ಇಟ್ಟ. ಆಮೇಲೆ ಕಟ್ಟೆಯ ಕಡೆ ಒಮ್ಮೆ ನೋಡಿ ವಹಿ ಮುಚ್ಚಿದ. ಇದನ್ನು ಅವರಿಗೆ ಓದಿ ಹೇಳುತ್ತೇನೆ, ಮೊರಬದಲ್ಲಿ ಆ ಹೆಸರುವಾಸಿಯನ್ನು ಯಾರು ಎರಡು ಸಲ ಕೆಡವಿದ್ದರು ಎಂದು ಅವನ ಮುಖದ ಮೇಲೇ ಓದುತ್ತೇನೆ ಎಂದು ನಾನು ಹೊರಟೆ. ಇವನು ನನ್ನ ತೋಳು ಹಿಡಿದ. ಹಿಮ್ಮಡಿ ಹಿಡಿಯುತ್ತಿದ್ದ ಅದೇ ಹಿಡಿತ, ಒಂದು ಹೆಜ್ಜೆ ಮುಂದೆ ಇಡಲಾಗಲಿಲ್ಲ.

‘ಬ್ಯಾಡ್ರಿ ಮಾಸ್ತರ. ನಾ ಆಡ್ತಿದ್ದೆ ಅಂತ ಇಲ್ಲಿ ಯಾರಿಗೂ ಹೇಳಿಲ್ಲ. ಹೇಳಿದ್ರ, ಮತ್ಯಾಕ ಆಡಲಿಲ್ಲ ಅಂತ ಕೇಳ್ತಾರ. ಏನ್ ಹೇಳ್ಲಿ?’

ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ನಮ್ಮೂರ ಮಾಸ್ತರ ಕೈ ಎತ್ತಿದ ಎಂದು ಹೇಳಬೇಕಾಗಿತ್ತು. ಅದನ್ನು ಅವನು ಮೂರು ವರ್ಷ ಒಬ್ಬರೆದುರಿಗೂ ಹೇಳಿರಲಿಲ್ಲ. ವಹಿ ನನ್ನ ಕೈಗೆ ಮರಳಿ ಕೊಟ್ಟು, ಬಿದ್ದಿದ್ದ ಪೈಪು ಎತ್ತಿಕೊಂಡು ಅವನು ಅಂಕಣಕ್ಕೆ ಹೋದ. ಕಟ್ಟೆಯ ಮೇಲಿನವರು ಆಡಲು ಇಳಿಯುವ ಹೊತ್ತಾಗಿತ್ತು.